ಬೆಂಕಿ ಬಿದ್ದಾಗ ಮೊದಲು ಓಡುವವರು ಯಾರು?

‘ಎಲ್ಲ ಸುಟ್ಟ ಮೇಲೆ ಫೈರ್‌ನವರು ಬಂದರು.’ ಮಂಗಳೂರಿನಲ್ಲಿ ಎಲ್ಲೇ ಬೆಂಕಿ ಬಿದ್ದರೂ ಕೇಳಿಸುವ ಮಾತು ಇದು. ಬಂದರಿನ ಗೋದಾಮು ಇರಲಿ, ಮರದ ಮಿಲ್ಲು ಇರಲಿ, ಬೇಸಿಗೆಯಲ್ಲಿ ಗುಡ್ಡೆಯ ಮುಳಿಹುಲ್ಲು ಹತ್ತಿಕೊಂಡು ಗೇರುತೋಪಿನತ್ತ ನುಗ್ಗಿದ ಉರಿಯೇ ಇರಲಿ, ನೆರೆದವರಲ್ಲಿ ಯಾರಾದರೊಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಸಂಕಟದ ಹೊತ್ತಿನಲ್ಲಿ ಬಾಯಿಗೆ ಬಂದ ಮಾತು, ಆಡಿದವರನ್ನು ದೂರುವಂತಿಲ್ಲ. ಕಣ್ಣೆದುರು ತನ್ನದೇ ಅಂಗಡಿ ಉರಿಯುವಾಗ ಗಡಿಯಾರ ನೋಡಿ ಲೆಕ್ಕ ಹಾಕುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆದರೆ ಬೆಂಕಿ ಆರಿ, ಗಾಡಿ ಹಿಂದಿರುಗಿದ ಮೇಲಾದರೂ ನಾವು ಕೆಲವು ಪ್ರಶ್ನೆ ಕೇಳಬೇಕಿತ್ತು. ಆ ಗಾಡಿ ಎಲ್ಲಿಂದ ಬಂತು? ಅದರಲ್ಲಿ ಎಷ್ಟು ಜನ ಇದ್ದರು? ಅದು ಬರುವವರೆಗೆ ಕೊಡಪಾನ, ಬಕೆಟು ಹಿಡಿದು ಉರಿಯ ಮುಂದೆ ನಿಂತವರು ಯಾರು?

ಕಸಬಾ ಬೆಂಗ್ರೆಯನ್ನೇ ನೋಡಿ. ಬಂದರಿನ ಧಕ್ಕೆಯಲ್ಲಿ ನಿಂತರೆ ನೀರಿನಾಚೆ ಕಾಣುವ ಉದ್ದನೆಯ ಮರಳ ದಿಬ್ಬ. ಒಂದು ಮಗ್ಗುಲಲ್ಲಿ ಅರಬ್ಬಿ ಕಡಲು, ಇನ್ನೊಂದು ಮಗ್ಗುಲಲ್ಲಿ ಫಲ್ಗುಣಿ ನದಿ. ನಡುವೆ ಒತ್ತೊತ್ತಾಗಿ ಮನೆಗಳು, ಬಲೆ ರಾಶಿ, ದುರಸ್ತಿಗೆಂದು ದಡಕ್ಕೆ ಎಳೆದಿಟ್ಟ ಬೋಟುಗಳು. ಕಡವಿನ ದೋಣಿ ಹತ್ತಿದರೆ ಧಕ್ಕೆಯಿಂದ ಅಲ್ಲಿಗೆ ಕೆಲವೇ ನಿಮಿಷ. ಆದರೆ ಅಗ್ನಿಶಾಮಕ ಗಾಡಿ ದೋಣಿ ಹತ್ತುವಂತಿಲ್ಲ. ಪಾಂಡೇಶ್ವರದ ಠಾಣೆಯಿಂದ ಹೊರಟ ಗಾಡಿ ನಗರದ ವಾಹನಗಳ ನಡುವೆ ಜಾಗ ಮಾಡಿಕೊಂಡು ಹೆದ್ದಾರಿ ಸೇರಬೇಕು, ಕೂಳೂರು ಸೇತುವೆ ದಾಟಬೇಕು, ತಣ್ಣೀರುಬಾವಿಯ ದಾರಿ ಹಿಡಿದು ಮತ್ತೆ ದಕ್ಷಿಣಕ್ಕೆ ತಿರುಗಿ ಮರಳ ದಿಬ್ಬದ ತುದಿಗೆ ಬರಬೇಕು. ಠಾಣೆಯವರು ಎಷ್ಟೇ ಚುರುಕಾಗಿದ್ದರೂ ಈ ಸುತ್ತು ತಪ್ಪುವುದಿಲ್ಲ. ಫೈಬರ್, ಡೀಸೆಲ್, ನೈಲಾನ್ ಬಲೆ, ಥರ್ಮೋಕೋಲ್ ತುಂಬಿದ ಬೋಟಿಗೆ ಕಿಡಿ ತಾಗಿದರೆ ಮೊದಲ ಕಾಲು ಗಂಟೆ ಅದನ್ನು ಎದುರಿಸುವವರು ಅಲ್ಲಿನ ಮೀನುಗಾರರು, ಅವರ ಮನೆಯವರು, ಅಕ್ಕಪಕ್ಕದ ಹುಡುಗರು. ಅವರಿಗೆ ತಲೆಗೆ ಹೆಲ್ಮೆಟ್ ಇಲ್ಲ, ಕೈಗೆ ಗ್ಲೌಸ್ ಇಲ್ಲ, ಫೋಮ್ ಯಾವುದಕ್ಕೆ, ನೀರು ಯಾವುದಕ್ಕೆ ಎಂದು ಹೇಳಿಕೊಟ್ಟವರಿಲ್ಲ.

ನಗರದೊಳಗೆ ಸಾಮಾನ್ಯವಾಗಿ ಗಾಡಿ ಹೊರಡುವುದು ಎರಡು ಠಾಣೆಗಳಿಂದ: ಪಾಂಡೇಶ್ವರ ಮತ್ತು ಕದ್ರಿ. ಅದರಾಚೆಗೆ ಜಿಲ್ಲೆಯಲ್ಲಿ ಮೂಡುಬಿದಿರೆ, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯಗಳಲ್ಲಿ ಠಾಣೆಗಳಿವೆ. 2011ರ ಜನಗಣತಿಯಲ್ಲೇ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಐದು ಲಕ್ಷದ ಹತ್ತಿರವಿತ್ತು. ಆಮೇಲೆ ಊರು ಮೇಲಕ್ಕೂ ಬೆಳೆದಿದೆ, ಅಡ್ಡಕ್ಕೂ ಬೆಳೆದಿದೆ. ಹೆಂಚಿನ ಮಾಡಿನ ಮನೆಗಳಿದ್ದ ಜಾಗದಲ್ಲಿ ಈಗ ಮೂವತ್ತು ಅಂತಸ್ತು ದಾಟಿದ ಕಟ್ಟಡಗಳಿವೆ. ಅದೇ ಓಣಿಗಳ ಕೊನೆಯಲ್ಲಿ ಪಕ್ಕಾಸು, ರೀಪು ಒಣಗಿ ನಿಂತ ಹಳೆಯ ಹೆಂಚಿನ ಮನೆಗಳೂ ಉಳಿದಿವೆ. ಕೇಂದ್ರ ಗೃಹ ಸಚಿವಾಲಯದಡಿಯ ಸ್ಥಾಯಿ ಅಗ್ನಿ ಸಲಹಾ ಸಮಿತಿ ಹಾಕಿಕೊಟ್ಟ ಮಾನದಂಡದ ಪ್ರಕಾರ ನಗರದಲ್ಲಿ ಐದರಿಂದ ಏಳು ನಿಮಿಷದೊಳಗೆ, ಹಳ್ಳಿಯಲ್ಲಿ ಇಪ್ಪತ್ತು ನಿಮಿಷದೊಳಗೆ ಮೊದಲ ಗಾಡಿ ಸ್ಥಳದಲ್ಲಿರಬೇಕು. ಸಂಜೆ ಆರೂವರೆಗೆ ಪಂಪ್‌ವೆಲ್ ಅಥವಾ ನಂತೂರು ವೃತ್ತ ದಾಟಿದವರಿಗೆ ಏಳು ನಿಮಿಷದಲ್ಲಿ ಎಷ್ಟು ದೂರ ಹೋಗಬಹುದೆಂದು ಹೇಳಬೇಕಾಗಿಲ್ಲ.

ಇದು ಮಂಗಳೂರೊಂದರ ಕಷ್ಟವಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯು ದೇಶದ ಕೊರತೆಯನ್ನು ಹೀಗೆ ದಾಖಲಿಸಿತ್ತು: ಮಾನದಂಡಕ್ಕೆ ಹೋಲಿಸಿದರೆ ಠಾಣೆಗಳಲ್ಲಿ ಶೇ 97.54, ಸಿಬ್ಬಂದಿಯಲ್ಲಿ ಶೇ 96.28, ವಾಹನಗಳಲ್ಲಿ ಶೇ 80.04. ಈ ಮೂರರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೊನೆಯ ಎರಡರ ನಡುವಿನ ಅಂತರ. ಗಾಡಿಯ ಕೊರತೆಗಿಂತ ಗಾಡಿಯಲ್ಲಿ ಕೂರುವ ಆಳುಗಳ ಕೊರತೆ ದೊಡ್ಡದು. ಹೊಸ ವಾಹನಕ್ಕೆ ಹಾರ ಹಾಕಿ, ಹಸಿರು ಬಾವುಟ ತೋರಿಸಿದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಅದರ ಹಿಂಬದಿಯಲ್ಲಿ ಎಷ್ಟು ಸೀಟು ಖಾಲಿ ಎನ್ನುವುದು ಬರುವುದಿಲ್ಲ.

ಒಂದು ಗಾಡಿಯ ಲೆಕ್ಕವನ್ನೇ ಬಿಡಿಸಿ ನೋಡೋಣ. ಇಲಾಖೆಯವರು ಜಲವಾಹನ ಎಂದು ಕರೆಯುವ ಸಾಮಾನ್ಯ ಗಾಡಿಯಲ್ಲಿ ಸುಮಾರು 4,500 ಲೀಟರ್ ನೀರು ಹಿಡಿಯುತ್ತದೆ. ಹೋಸ್ ಪೈಪಿನ ತುದಿಯ ಹಿತ್ತಾಳೆ ಮೂತಿಗೆ ಅವರ ಭಾಷೆಯಲ್ಲಿ ಬ್ರಾಂಚ್ ಎನ್ನುತ್ತಾರೆ. ಒಂದು ಬ್ರಾಂಚಿನಿಂದ ನಿಮಿಷಕ್ಕೆ ಸುಮಾರು 450 ಲೀಟರ್ ಹೊರಟರೆ, ಎರಡು ಬ್ರಾಂಚ್ ಬಿಟ್ಟಾಗ ಟ್ಯಾಂಕು ಐದು ನಿಮಿಷಕ್ಕೆ ಖಾಲಿ. ಅಷ್ಟರೊಳಗೆ ಎರಡನೆಯ ಗಾಡಿ ಬರಬೇಕು. ಇಲ್ಲವೇ ಹತ್ತಿರದ ಕೆರೆ, ಬಾವಿ, ಕಟ್ಟಡದ ಸಂಪು ಹುಡುಕಿ ಪೈಪು ಇಳಿಸಬೇಕು. ಒತ್ತಡದಲ್ಲಿ ನೀರು ನುಗ್ಗುವ ಬ್ರಾಂಚನ್ನು ಒಬ್ಬನೇ ಹಿಡಿದು ಬಹಳ ಹೊತ್ತು ನಿಲ್ಲಲಾಗುವುದಿಲ್ಲ, ಅದು ಆಳನ್ನೇ ಹಿಂದಕ್ಕೆ ತಳ್ಳುತ್ತದೆ. ಒಂದಕ್ಕೆ ಇಬ್ಬರು ಬೇಕು. ಹಾಗಾಗಿ ಎರಡು ಬ್ರಾಂಚಿಗೆ ನಾಲ್ವರು, ಪಂಪು ನೋಡಿಕೊಳ್ಳಲು ಚಾಲಕ, ಎಲ್ಲಿ ನುಗ್ಗಬೇಕು ಎಲ್ಲಿ ಹಿಂದೆ ಸರಿಯಬೇಕು ಎಂದು ನಿರ್ಧರಿಸಲು ಒಬ್ಬ ಪ್ರಮುಖ ಅಗ್ನಿಶಾಮಕ: ಒಟ್ಟು ಆರು ಮಂದಿ. ಇದು ಐಷಾರಾಮದ ಸಂಖ್ಯೆಯಲ್ಲ. ಒಳಗೆ ಜನ ಸಿಕ್ಕಿಬಿದ್ದಿದ್ದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೊಗೆಯೊಳಗೆ ಹೋಗುವುದಕ್ಕೆ ಜೋಡಿ ಬೇಕು, ಆ ಜೋಡಿಯ ಮೇಲೆ ಹೊರಗಿನಿಂದ ಕಣ್ಣಿಡಲು ಮತ್ತೊಬ್ಬ ಬೇಕು.

ಈ ಆರು ಮಂದಿ ಹಗಲು ರಾತ್ರಿ ಇರಬೇಕು. ಎಂಟು ಗಂಟೆಯ ಪಾಳಿಯೆಂದರೆ ದಿನಕ್ಕೆ ಹದಿನೆಂಟು ಜನ. ವಾರದ ರಜೆ, ಜ್ವರ, ಮದುವೆ, ಊರಿನ ಜಾತ್ರೆ, ತರಬೇತಿ ಎಲ್ಲ ಸೇರಿಸಿದರೆ ಒಂದೇ ಒಂದು ಗಾಡಿಯನ್ನು ವರ್ಷವಿಡೀ ಪೂರ್ಣಬಲದಲ್ಲಿ ಇಡಲು ಇಪ್ಪತ್ತೆರಡು ಇಪ್ಪತ್ತಮೂರು ಮಂದಿ ಬೇಕಾಗುತ್ತಾರೆ. ಠಾಣೆಯಲ್ಲಿ ಅಷ್ಟು ಜನ ಇಲ್ಲದಿದ್ದರೆ ಎರಡೇ ದಾರಿ. ಒಂದೋ ನಾಲ್ಕು ಜನ ಆರು ಜನರ ಕೆಲಸ ಮಾಡಬೇಕು, ಇಲ್ಲವೇ ಪಾಳಿಯ ಗಂಟೆ ಹಿಗ್ಗಬೇಕು. ಸಾಮಾನ್ಯವಾಗಿ ಎರಡೂ ಒಟ್ಟಿಗೆ ನಡೆಯುತ್ತವೆ.

ಇನ್ನು ಕೆಲಸವೆಂದರೆ ಬೆಂಕಿಯೊಂದೇ ಅಲ್ಲ. ಮಳೆಗಾಲ ಹಿಡಿಯಿತೆಂದರೆ ರಸ್ತೆಗೆ ಅಡ್ಡ ಬಿದ್ದ ಮರ, ಮನೆಯ ಮೇಲೆ ಜರಿದ ಧರೆ, ತಗ್ಗುಪ್ರದೇಶಕ್ಕೆ ನುಗ್ಗಿದ ನೀರು. ಬೇಸಿಗೆ ಬಂತೆಂದರೆ ಪದವುಗಳ ಒಣಹುಲ್ಲು, ಪಚ್ಚನಾಡಿಯ ಕಸದ ರಾಶಿ. ಕಸದ ಬೆಂಕಿಯನ್ನು ಕಂಡವರಿಗೆ ಗೊತ್ತು, ಮೇಲೆ ಆರಿದಂತೆ ಕಂಡರೂ ಒಳಗೆ ದಿನಗಟ್ಟಲೆ ಹೊಗೆಯಾಡುತ್ತದೆ; ಅಷ್ಟೂ ದಿನ ಒಂದೆರಡು ಗಾಡಿ, ಅದರ ಆಳುಗಳು ಅಲ್ಲೇ ಕಟ್ಟುಬೀಳುತ್ತಾರೆ. ಗುಡ್ಡೆಯ ಬೆಂಕಿಗೆ ಗಾಡಿ ಹತ್ತುವ ದಾರಿಯೇ ಇರುವುದಿಲ್ಲ. ಆಗ ಸಮವಸ್ತ್ರ ತೊಟ್ಟವರೂ ಊರವರ ಜೊತೆ ಹಸಿ ಗೆಲ್ಲು ಮುರಿದುಕೊಂಡು ಬಡಿದು ಬಡಿದು ಆರಿಸುತ್ತಾರೆ. ಬಾವಿಗೆ ಬಿದ್ದ ದನ, ಲಿಫ್ಟಿನಲ್ಲಿ ಸಿಕ್ಕಿಕೊಂಡ ಅಜ್ಜಿ, ಪಲ್ಟಿಯಾದ ಟ್ಯಾಂಕರ್, ನದಿಗೆ ಹಾರಿದವರ ಹುಡುಕಾಟ, ಎಲ್ಲದಕ್ಕೂ ಹೋಗುವ ಫೋನು ಒಂದೇ ಠಾಣೆಗೆ.

ಸಿಬ್ಬಂದಿ ಯಾಕೆ ಸಾಲದು? ನೇಮಕಾತಿ ವರ್ಷವರ್ಷವೂ ನಡೆಯುವುದಿಲ್ಲ. 2020ರ ಜೂನ್‌ನಲ್ಲಿ ರಾಜ್ಯದಲ್ಲಿ 1,567 ಹುದ್ದೆಗಳಿಗೆ ಅರ್ಜಿ ಕರೆಯಲಾಯಿತು. ಅದರಲ್ಲಿ 1,222 ಅಗ್ನಿಶಾಮಕರ ಹುದ್ದೆ. ರಾಜ್ಯದ ಠಾಣೆಗಳು ಇನ್ನೂರಕ್ಕೂ ಹೆಚ್ಚು. ಒಂದೊಂದು ಠಾಣೆಯ ಪಾಲಿಗೆ ಎಷ್ಟು ಬಂದೀತು, ಎಣಿಸಿ. ಅರ್ಜಿ, ದೇಹದಾರ್ಢ್ಯ ಪರೀಕ್ಷೆ, ಆಯ್ಕೆ ಪಟ್ಟಿ, ತರಬೇತಿ ಎಲ್ಲ ಮುಗಿಸಿ ಹುಡುಗನೊಬ್ಬ ಠಾಣೆಯ ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಹಳಬರು ನಿವೃತ್ತರಾಗಿ ಮತ್ತಷ್ಟು ಜಾಗ ತೆರವಾಗಿರುತ್ತದೆ. ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಖಾಕಿ ಕೆಲಸಕ್ಕೆ ನಮ್ಮ ಜಿಲ್ಲೆಯ ಯುವಕರು ಅರ್ಜಿ ಹಾಕುವುದು ಕಡಿಮೆ ಎಂದು ಪೊಲೀಸ್ ಇಲಾಖೆ ಎಷ್ಟೋ ವರ್ಷದಿಂದ ಹೇಳುತ್ತಿದೆ. ಬ್ಯಾಂಕು, ಗಲ್ಫ್, ಮುಂಬೈ ಹೋಟೆಲು, ಈಗೀಗ ಬೆಂಗಳೂರಿನ ಐಟಿ ಎಂದು ನಾವು ಮಕ್ಕಳನ್ನು ಬೇರೆ ದಾರಿಗೆ ಹಚ್ಚಿದ್ದೇವೆ. ಹಾಗಾಗಿ ನಮ್ಮ ಊರಿನ ಬೆಂಕಿ ಆರಿಸಲು ಉತ್ತರ ಕರ್ನಾಟಕದ ಹುಡುಗರು ಬರುತ್ತಾರೆ. ಕಷ್ಟಸಹಿಷ್ಣುಗಳು, ಎದೆಗಾರರು, ಅವರಿಗೆ ಈ ನಗರ ಕೃತಜ್ಞವಾಗಿರಬೇಕು. ಆದರೆ ಇಲ್ಲಿನ ಓಣಿ, ತೋಡು, ಸಂಕ, ತುಳುವಿನಲ್ಲಿ ಗಾಬರಿಯಿಂದ ದಾರಿ ಹೇಳುವ ಅಜ್ಜಿಯ ಮಾತು, ಇವು ಕೈವಶವಾಗುವ ಹೊತ್ತಿಗೆ ಊರ ಕಡೆ ವರ್ಗಾವಣೆ ಕೇಳುವುದು ಸಹಜ. ತಂದೆ ತಾಯಿ ಅಲ್ಲಿದ್ದಾರೆ, ಹೊಲ ಅಲ್ಲಿದೆ.

ಮಂಗಳೂರಿಗೆ ದೊಡ್ಡ ಭರವಸೆ ಕೊಡುವುದು ಉದ್ಯಮಗಳ ಅಗ್ನಿಶಾಮಕ ದಳಗಳು. ಎಂಆರ್‌ಪಿಎಲ್ ರಿಫೈನರಿ, ಎಂಸಿಎಫ್ ಗೊಬ್ಬರ ಕಾರ್ಖಾನೆ, ನವಮಂಗಳೂರು ಬಂದರು, ವಿಮಾನ ನಿಲ್ದಾಣ, ಎಲ್ಲಕ್ಕೂ ತಮ್ಮದೇ ಗಾಡಿ, ತಮ್ಮದೇ ಸಿಬ್ಬಂದಿ ಇದ್ದಾರೆ. ದೊಡ್ಡ ಅನಾಹುತವಾದಾಗ ಅವರು ನೆರವಿಗೆ ಬರುತ್ತಾರೆ. ಆದರೆ ಆ ಗಾಡಿಗಳು ಅಲ್ಲಿರುವುದೇ ಅಲ್ಲಿನ ಅಪಾಯಕ್ಕಾಗಿ. ಪೆರ್ಮುದೆಯ ಕಡೆ ನೆಲದಡಿ 15 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ರಾಷ್ಟ್ರೀಯ ಸಂಗ್ರಹಾಗಾರವಿದೆ. ಹಗಲು ರಾತ್ರಿ ಅನಿಲ ಟ್ಯಾಂಕರುಗಳು ಇಲ್ಲಿಂದ ಘಟ್ಟ ಹತ್ತುತ್ತವೆ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಂಥದೊಂದು ಟ್ಯಾಂಕರ್ ಉರುಳಿತು. ಸೋರಿದ ಅನಿಲ ಹೊತ್ತಿಕೊಂಡು ರಸ್ತೆ ಬದಿಯ ಮನೆಗಳನ್ನೇ ನುಂಗಿತು, ತಮ್ಮ ಪಾಡಿಗೆ ತಾವು ಮನೆಯಲ್ಲಿದ್ದವರು ಬೆಂದು ಸತ್ತರು. ಅದು ಹೆದ್ದಾರಿ, ರಿಫೈನರಿಯ ಅಂಗಳವಲ್ಲ. ಉದ್ಯಮ ತನ್ನ ಬೇಲಿಯೊಳಗೆ ಎಷ್ಟೇ ಸಜ್ಜಾಗಿದ್ದರೂ ಅದರ ಸರಕು ಬೇಲಿ ದಾಟಿದ ಮೇಲೆ ಹೊಣೆ ಊರಿನ ಠಾಣೆಯದು. ಕಡಲೂ ಅಷ್ಟೇ. 2025ರ ಜೂನ್‌ನಲ್ಲಿ ಕೇರಳದ ಕರಾವಳಿಯಾಚೆ ವಾನ್ ಹೈ 503 ಕಂಟೇನರ್ ಹಡಗಿಗೆ ಬೆಂಕಿ ಬಿದ್ದಾಗ ಬದುಕುಳಿದ 18 ಮಂದಿ ನಾವಿಕರನ್ನು ತಂದಿಳಿಸಿದ್ದು ನವಮಂಗಳೂರು ಬಂದರಿನಲ್ಲಿ.

ಖಾಯಂ ಸಿಬ್ಬಂದಿಯ ಈ ಕೊರತೆಯನ್ನು ಇಷ್ಟು ವರ್ಷ ತುಂಬುತ್ತ ಬಂದವರು ಗೃಹರಕ್ಷಕರು, ನಮ್ಮೆಲ್ಲರ ಬಾಯಲ್ಲಿ ಹೋಂಗಾರ್ಡ್‌ಗಳು. ದೇಶದಲ್ಲಿ ಈ ದಳ ಹುಟ್ಟಿದ್ದು 1946ರ ಡಿಸೆಂಬರ್ 6ರಂದು, ಬಾಂಬೆ ಪ್ರಾಂತ್ಯದಲ್ಲಿ. ನಮ್ಮ ರಾಜ್ಯದಲ್ಲಿ ಅದಕ್ಕೆ ಕಾನೂನಿನ ಆಧಾರ 1962ರ ಗೃಹರಕ್ಷಕ ಕಾಯ್ದೆ. ನಿಷ್ಕಾಮ ಸೇವೆ ಅದರ ಧ್ಯೇಯ. ಹಗಲು ತನ್ನ ಉದ್ಯೋಗ, ಬಿಡುವಿನಲ್ಲಿ ಸಮಾಜದ ಕೆಲಸ ಎನ್ನುವ ಕಲ್ಪನೆ. ಜಿಲ್ಲೆಯ ಸಮಾದೇಷ್ಟರ ಹುದ್ದೆಯೂ ಗೌರವ ಹುದ್ದೆ. ದಕ್ಷಿಣ ಕನ್ನಡದಲ್ಲಿ ಹಲವು ವರ್ಷ ಆ ಹೊಣೆ ಹೊತ್ತ ಡಾ. ಮುರಲೀ ಮೋಹನ್ ಚೂಂತಾರು ವೃತ್ತಿಯಲ್ಲಿ ದಂತವೈದ್ಯರು. ಮೇರಿಹಿಲ್‌ನ ಜಿಲ್ಲಾ ಕಚೇರಿಯಿಂದ ಕರ್ತವ್ಯಕ್ಕೆ ಹೋಗುವ ಖಾಕಿಧಾರಿಗಳು ಟ್ರಾಫಿಕ್ ನಿಯಂತ್ರಿಸುತ್ತಾರೆ, ಜಾತ್ರೆಯ ಬಂದೋಬಸ್ತಿಗೆ ನಿಲ್ಲುತ್ತಾರೆ, ಪಣಂಬೂರು, ಸೋಮೇಶ್ವರದಂಥ ಕಡಲ ತೀರಗಳಲ್ಲಿ ಅಬ್ಬರದ ಅಲೆಯತ್ತ ಹೋಗುವವರನ್ನು ತಡೆಯುತ್ತಾರೆ. ಮಳೆಗಾಲದಲ್ಲಿ ನೇತ್ರಾವತಿ ಮತ್ತು ಕುಮಾರಧಾರ ಕೂಡುವ ಉಪ್ಪಿನಂಗಡಿಯಲ್ಲಿ ದೋಣಿ, ಲೈಫ್ ಜಾಕೆಟ್ ಇಟ್ಟುಕೊಂಡು ನೆರೆ ಕಾಯುವವರೂ ಅವರೇ.

ಈ ಕಲ್ಪನೆ ನಿಂತಿದ್ದು ಒಂದು ನಂಬಿಕೆಯ ಮೇಲೆ: ಸೇವೆಗೆ ಬರುವವನಿಗೆ ಹೊಟ್ಟೆಪಾಡಿಗೆ ಬೇರೆ ಉದ್ಯೋಗ ಇದೆ ಎನ್ನುವುದು. ವಾಸ್ತವದಲ್ಲಿ ಬಹಳ ಮಂದಿಗೆ ಈ ಕೆಲಸವೇ ಹೊಟ್ಟೆಪಾಡು. ಕರ್ತವ್ಯಕ್ಕೆ ಕರೆದ ದಿನ ಭತ್ಯೆ, ಕರೆಯದ ದಿನ ಇಲ್ಲ. ಖಾಯಂ ನೌಕರನ ಪಕ್ಕದಲ್ಲೇ ನಿಂತು ಅದೇ ಬಿಸಿಲು, ಅದೇ ಹೊಗೆ, ಅದೇ ಪಾಳಿ; ತಿಂಗಳ ಕೊನೆಯಲ್ಲಿ ಕೈಗೆ ಬರುವುದು ಬೇರೆ. ಗೃಹರಕ್ಷಕರ ಸಂಘವೊಂದು ಹಿಮಾಚಲ ಪ್ರದೇಶದಿಂದ ಸುಪ್ರೀಂ ಕೋರ್ಟಿಗೆ ಹೋದಾಗ 2015ರ ಮಾರ್ಚ್‌ನಲ್ಲಿ ತೀರ್ಪು ಬಂತು. ಖಾಯಂಗೊಳಿಸಿ ಎನ್ನುವ ಬೇಡಿಕೆಯನ್ನು ನ್ಯಾಯಾಲಯ ಒಪ್ಪಲಿಲ್ಲ. ಆದರೆ ಮೂವತ್ತು ದಿನದ ಭತ್ಯೆ ಕೂಡಿಸಿದರೆ ಆ ರಾಜ್ಯದ ಪೊಲೀಸರ ಕನಿಷ್ಠ ವೇತನಕ್ಕೆ ಸಮನಾಗುವಂತೆ ದಿನಭತ್ಯೆ ನಿಗದಿಪಡಿಸಿ ಎಂದು ಹೇಳಿತು. ಈ ತೀರ್ಪಿನಲ್ಲಿ ಒಂದು ಸೂಕ್ಷ್ಮವಿದೆ. ಮೂವತ್ತೂ ದಿನ ಕರೆದರೆ ಮಾತ್ರ ಆ ಲೆಕ್ಕ ಕೂಡುತ್ತದೆ. ಹದಿನೈದು ದಿನ ಕರೆದರೆ ಅರ್ಧ ಸಂಬಳ, ಉಳಿದ ದಿನ ಕೂಲಿ ಹುಡುಕಬೇಕು; ಯಾವ ದಿನ ಕರೆಯುತ್ತಾರೆಂದು ಗೊತ್ತಿಲ್ಲದವನಿಗೆ ಕೂಲಿ ಕೊಡುವವರೂ ಕಡಿಮೆ.

ಸ್ವಯಂಸೇವಕರನ್ನೇ ನಂಬಿ ನಡೆಯುವ ದೇಶಗಳು ಪ್ರಪಂಚದಲ್ಲಿ ಬಹಳ ಇವೆ ಎಂದು ಕೇಳಿದಾಗ ನಮ್ಮಲ್ಲೂ ಹಾಗೇ ಮಾಡಬಹುದಲ್ಲ ಎನಿಸುತ್ತದೆ. ಜರ್ಮನಿಯ ಅಗ್ನಿಶಾಮಕ ದಳಗಳಲ್ಲಿ ಸುಮಾರು ಹತ್ತು ಲಕ್ಷ ಸ್ವಯಂಸೇವಕರು. ದೊಡ್ಡ ನಗರಗಳನ್ನು ಬಿಟ್ಟರೆ ಊರೂರಲ್ಲಿ ಬೆಂಕಿ ಆರಿಸುವುದು ಬಡಗಿ, ಮಾಸ್ತರು, ಗುಮಾಸ್ತ. ಆದರೆ ಅಲ್ಲಿ ಕೆಲಸದ ನಡುವೆ ಸೈರನ್ ಕೇಳಿ ಎದ್ದು ಹೋದವನ ಸಂಬಳ ಕಡಿಯುವಂತಿಲ್ಲ. ಖಾಸಗಿ ಮಾಲೀಕನಿಗೆ ಆದ ನಷ್ಟವನ್ನು ಸ್ಥಳೀಯ ಆಡಳಿತ ತುಂಬಿಕೊಡುತ್ತದೆ. ಅಮೆರಿಕದ ಸಣ್ಣ ಪಟ್ಟಣಗಳ ಸ್ವಯಂಸೇವಾ ದಳಗಳು ಭಾನುವಾರದ ತಿಂಡಿ ಮಾರಿ, ಲಾಟರಿ ನಡೆಸಿ ಗಾಡಿಯ ಖರ್ಚು ಹೊಂದಿಸುತ್ತವೆ. 1984ರಲ್ಲಿ ಅಲ್ಲಿ ಸುಮಾರು 8.97 ಲಕ್ಷ ಸ್ವಯಂಸೇವಕ ಅಗ್ನಿಶಾಮಕರಿದ್ದರು, 2020ಕ್ಕೆ 6.76 ಲಕ್ಷಕ್ಕೆ ಇಳಿದರು. ಜಪಾನಿನ ಊರ ದಳಗಳಲ್ಲಿ ಒಂದು ಕಾಲಕ್ಕೆ ಇಪ್ಪತ್ತು ಲಕ್ಷ ಮಂದಿ. ಈಗ ಎಂಟು ಲಕ್ಷಕ್ಕಿಂತ ಕಡಿಮೆ. ಹಳಬರಿಗೆ ವಯಸ್ಸಾಯಿತು, ಹುಡುಗರು ಪಟ್ಟಣಕ್ಕೆ ಹೋದರು. ನಮ್ಮ ತೋಟದ ಮನೆಗಳಲ್ಲಿ ನಡೆದದ್ದೂ ಅದೇ.

ಅಷ್ಟು ದೂರ ಹೋಗಬೇಕಾಗಿಲ್ಲ. ತಲಪಾಡಿ ದಾಟಿದರೆ ಸಾಕು. 2018ರ ಮಹಾನೆರೆಯಲ್ಲಿ ಮೀನುಗಾರರು ದೋಣಿ ಹೊತ್ತು ತಂದು ಸಾವಿರಾರು ಜನರನ್ನು ಕಾಪಾಡಿದ ಮೇಲೆ ಕೇರಳ ಒಂದು ಪಾಠ ಕಲಿಯಿತು. ಅಲ್ಲಿನ ಅಗ್ನಿಶಾಮಕ ಮತ್ತು ರಕ್ಷಣಾ ಇಲಾಖೆಯ ಕೈಕೆಳಗೇ ಸಿವಿಲ್ ಡಿಫೆನ್ಸ್ ಪಡೆ ಕಟ್ಟಿತು. ರಾಜ್ಯದ 124 ಠಾಣೆಗಳು, ಪ್ರತಿ ಠಾಣೆಗೆ 50 ಸ್ವಯಂಸೇವಕರು, ಒಟ್ಟು 6,200. ನಮ್ಮ ಕನ್ನಡಿಗರು, ತುಳುವರು ತುಂಬಿರುವ ಮಂಜೇಶ್ವರ ತಾಲೂಕಿನ ಉಪ್ಪಳದಲ್ಲೂ ಠಾಣೆಯಿದೆ, ಕಾಸರಗೋಡಿನಲ್ಲೂ ಇದೆ. ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ ಅಂಶ ಅದರ ಗಾತ್ರವಲ್ಲ, ಅದನ್ನು ಕಟ್ಟಿಹಾಕಿದ ಜಾಗ. ಸ್ವಯಂಸೇವಕ ಸೇರುವುದು ಜಿಲ್ಲಾ ಕಚೇರಿಯ ಕಡತಕ್ಕಲ್ಲ, ತನ್ನ ಊರಿನ ಠಾಣೆಗೆ. ಠಾಣಾಧಿಕಾರಿಗೆ ಅವನ ಮುಖ ಗೊತ್ತು, ಫೋನ್ ನಂಬರ್ ಗೊತ್ತು, ಅವನಿಗೆ ಈಜು ಬರುತ್ತದೋ, ಮರ ಕೊಯ್ಯುವ ಯಂತ್ರ ಹಿಡಿದು ಅಭ್ಯಾಸವಿದೆಯೋ, ಅವನ ಮನೆ ಯಾವ ಓಣಿಯಲ್ಲಿದೆಯೋ ಎಲ್ಲ ಗೊತ್ತು. ಅವನು ಗಾಡಿ ಬರುವ ಮೊದಲು ಜನರನ್ನು ದೂರ ಸರಿಸುತ್ತಾನೆ, ಕರೆಂಟಿನ ಮೈನ್ ತೆಗೆಸುತ್ತಾನೆ, ಗ್ಯಾಸ್ ಸಿಲಿಂಡರ್ ಹೊರಗೆಳೆಸುತ್ತಾನೆ, ನೀರಿರುವ ಬಾವಿ ತೋರಿಸುತ್ತಾನೆ, ಓಣಿಯ ಬಾಯಲ್ಲಿ ನಿಲ್ಲಿಸಿದ ಕಾರು ತೆಗೆಸುತ್ತಾನೆ. ಹೊಗೆಯೊಳಗೆ ನುಗ್ಗುವ ಕೆಲಸ ಸಂಬಳದ, ತರಬೇತಾದ ಅಗ್ನಿಶಾಮಕನಿಗೇ ಬಿಟ್ಟದ್ದು.

ಈ ಗೆರೆ ಸ್ಪಷ್ಟವಾಗಿರಬೇಕು. ನಮ್ಮಲ್ಲಿ ಅದು ಸ್ಪಷ್ಟವಿಲ್ಲ. ಜನರಲ್ಲಿ ಮನಸ್ಸಿಗೇನೂ ಬರವಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿ 158 ಜನ ಸತ್ತ ದಿನ, ಬದುಕಿದ ಎಂಟು ಮಂದಿಗಾಗಿ ಆ ಇಳಿಜಾರಿನಲ್ಲಿ ಮೊದಲು ಓಡಿದವರಲ್ಲಿ ಸುತ್ತಲಿನ ಮನೆಯವರಿದ್ದರು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಶೌರ್ಯ ವಿಪತ್ತು ನಿರ್ವಹಣಾ ಘಟಕಗಳು ತಾಲೂಕು ತಾಲೂಕುಗಳಲ್ಲಿ ಮರ ತೆರವು, ನೆರೆ ಕೆಲಸಕ್ಕೆ ಇಳಿಯುತ್ತವೆ. ನೀರಿನಲ್ಲಿ ಯಾರಾದರೂ ಕಾಣೆಯಾದರೆ ಮಲ್ಪೆಯ ಈಶ್ವರ್ ಮಲ್ಪೆಗೆ ಫೋನು ಹೋಗುತ್ತದೆ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಕೆಸರು ನೀರಿಗೆ ಇಳಿದು ಹುಡುಕಿದವರಲ್ಲಿ ಅವರೂ ಒಬ್ಬರು. ಊರೂರಿನ ಯುವಕ ಮಂಡಲ, ಫ್ರೆಂಡ್ಸ್ ಸರ್ಕಲ್‌ಗಳ ಹುಡುಗರಿಗೆ ಹೇಳಿ ಕರೆಸಬೇಕಾಗಿಯೇ ಇಲ್ಲ, ಸುದ್ದಿ ಮುಟ್ಟಿದರೆ ಸಾಕು. ಇಲ್ಲದಿರುವುದು ಅವರನ್ನು ಠಾಣೆಗೆ ಜೋಡಿಸುವ ಕೊಂಡಿ, ಮೈಮೇಲೆ ರಕ್ಷಣೆ, ಬಿದ್ದರೆ ಆಸ್ಪತ್ರೆಯ ಬಿಲ್ಲಿಗೆ ವಿಮೆ.

ಸ್ವಯಂಸೇವಕ ಪುಕ್ಕಟೆ ಎನ್ನುವುದು ತಪ್ಪು ಲೆಕ್ಕ. ಅವನಿಗೆ ಗಂಬೂಟು, ಹೆಲ್ಮೆಟ್, ಗ್ಲೌಸ್, ಟಾರ್ಚು, ಹಗ್ಗ ಬೇಕು. ವರ್ಷಕ್ಕೆ ಕೆಲವು ದಿನ ತರಬೇತಿ ಬೇಕು, ಆ ದಿನಗಳ ಕೂಲಿ ಯಾರಾದರೂ ಕೊಡಬೇಕು. ಕೇಂದ್ರದ ಆಪದ ಮಿತ್ರ ಯೋಜನೆ ಇದನ್ನು ಒಂದು ಮಟ್ಟಿಗೆ ಗುರುತಿಸಿತು: 350 ಜಿಲ್ಲೆಗಳಲ್ಲಿ ಒಂದು ಲಕ್ಷ ಮಂದಿಗೆ 12 ದಿನದ ತರಬೇತಿ, ಒಂದು ಕಿಟ್, ವಿಮೆ. ಒಳ್ಳೆಯ ಆರಂಭ. ಆದರೆ ಹನ್ನೆರಡು ದಿನ ಕಲಿತದ್ದು ಅಭ್ಯಾಸವಿಲ್ಲದೆ ಹನ್ನೆರಡು ತಿಂಗಳು ನಿಲ್ಲುವುದಿಲ್ಲ. ತಿಂಗಳಿಗೊಮ್ಮೆಯಾದರೂ ಪಾಂಡೇಶ್ವರದ ಅಂಗಳದಲ್ಲಿ ಹೋಸ್ ಬಿಚ್ಚಿ ಸುತ್ತಿದರೆ ಮಾತ್ರ ರಾತ್ರಿ ಎರಡು ಗಂಟೆಯ ಕತ್ತಲಲ್ಲಿ ಕೈ ತಡವರಿಸುವುದಿಲ್ಲ.

ಹಾಗಾದರೆ ದುಡ್ಡು ಎಲ್ಲಿಂದ? ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ ಹನ್ನೆರಡನೇ ಪರಿಚ್ಛೇದವು ಅಗ್ನಿಶಾಮಕ ಸೇವೆಯನ್ನು ನಗರಾಡಳಿತಕ್ಕೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. ಮುಂಬೈಯಲ್ಲಿ ದಳ ಪಾಲಿಕೆಯದೇ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆಯಂತೆ ಅದು ರಾಜ್ಯದ ಇಲಾಖೆ. ಇದರಿಂದ ಒಂದು ವಿಚಿತ್ರ ಸ್ಥಿತಿ ಉಂಟಾಗಿದೆ. ಕಟ್ಟಡಕ್ಕೆ ಪರವಾನಗಿ ಕೊಡುವುದು ಪಾಲಿಕೆ, ಅದರಿಂದ ತೆರಿಗೆ ಪಡೆಯುವುದೂ ಪಾಲಿಕೆ, ಅದಕ್ಕೆ ಬೆಂಕಿ ಬಿದ್ದಾಗ ಓಡುವ ಠಾಣೆಗೆ ಆಳು ಮಂಜೂರು ಮಾಡುವುದು ಬೆಂಗಳೂರು. ನಗರ ಹತ್ತು ಅಂತಸ್ತು ಎತ್ತರವಾದ ದಿನ ಠಾಣೆ ತಾನಾಗಿ ಒಂದು ಮೆಟ್ಟಿಲೂ ಏರುವುದಿಲ್ಲ.

ಹಣ ಬಂದಿಲ್ಲವೆಂದಲ್ಲ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯಗಳ ಅಗ್ನಿಶಾಮಕ ಸೇವೆ ವಿಸ್ತರಣೆ, ಆಧುನೀಕರಣಕ್ಕೆ ಕೇಂದ್ರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ನಮ್ಮಂಥ ರಾಜ್ಯಗಳು ಶೇ 25ರಷ್ಟು ಪಾಲು ಹಾಕಬೇಕು. ಹೊಸ ಠಾಣೆ, ಉಪಕರಣ, ತರಬೇತಿ ಕೇಂದ್ರಕ್ಕೆ ಈ ಹಣ ಸಲ್ಲುತ್ತದೆ. ಆದರೆ ಠಾಣೆ ಕಟ್ಟಿದ ಮೇಲೆ ಮೂವತ್ತು ವರ್ಷ ಸಂಬಳ ಕೊಡಬೇಕಾದ್ದು ರಾಜ್ಯದ ಬೊಕ್ಕಸ. ಹಣಕಾಸು ಇಲಾಖೆ ಹುದ್ದೆಗೆ ಒಪ್ಪಿಗೆ ಕೊಡಲು ಹಿಂಜರಿಯುವುದು ಇಲ್ಲಿಯೇ. ಹೊಸ ಬಹುಮಹಡಿ ಕಟ್ಟಡಗಳ ಆಸ್ತಿ ತೆರಿಗೆಯ ಮೇಲೆ ಶೇ 1ರಷ್ಟು ಅಗ್ನಿ ಸೆಸ್ ಹಾಕುವ ಕಡೆಗೆ ರಾಜ್ಯ ಸರ್ಕಾರ ಈಚೆಗೆ ಹೆಜ್ಜೆಯಿಟ್ಟಿತು. ತೆರಿಗೆಯೆಂದರೆ ಮುಖ ಸಿಂಡರಿಸುವುದು ನಮ್ಮ ಸ್ವಭಾವ. ಈ ತೆರಿಗೆಯನ್ನು ನಾನು ಮನಸಾರೆ ಒಪ್ಪುತ್ತೇನೆ, ಒಂದು ಷರತ್ತಿನ ಮೇಲೆ: ಮಂಗಳೂರಿನ ಕಟ್ಟಡದಿಂದ ಬಂದ ಸೆಸ್ ಮಂಗಳೂರಿನ ಠಾಣೆಗೆ ಬರಬೇಕು, ಅದರಲ್ಲಿ ಇಂತಿಷ್ಟು ಪಾಲು ಆಳಿಗೆ ಎಂದು ಕಟ್ಟಿಡಬೇಕು. ಇನ್ನು ಉದ್ಯಮಗಳು. 2013ರ ಕಂಪನಿ ಕಾಯ್ದೆಯಂತೆ ಲಾಭದ ಶೇ 2ನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕಾದ ದೊಡ್ಡ ಕಂಪನಿಗಳು ಈ ನಗರದ ಸುತ್ತ ಇವೆ. ವಿಪತ್ತು ನಿರ್ವಹಣೆಯೂ ಆ ಪಟ್ಟಿಯಲ್ಲಿದೆ. ಅವರ ಟ್ಯಾಂಕರು ಹೋಗುವ ದಾರಿಯ ಸ್ವಯಂಸೇವಕರಿಗೆ ವಿಮೆ, ಉಡುಪು, ತರಬೇತಿಯ ದಿನದ ಕೂಲಿ ಕೊಡುವುದು ಆ ಹಣಕ್ಕೆ ತಕ್ಕ ಉಪಯೋಗ.

ಸ್ವಯಂಸೇವಕರು ಬಂದರೆಂದು ಖಾಲಿ ಹುದ್ದೆ ಹಾಗೇ ಬಿಡುವ ನೆಪ ಸರ್ಕಾರಕ್ಕೆ ಸಿಗಬಾರದು. ಆರು ಮಂದಿಯ ಗಾಡಿಯಲ್ಲಿ ಆರೂ ಮಂದಿ ಇಲಾಖೆಯವರೇ ಇರಬೇಕು, ಸ್ವಯಂಸೇವಕ ಏಳನೆಯವನು. ಹಾಗೆಯೇ ಹೋಂಗಾರ್ಡ್‌ಗೆ ಕೊಡುವ ಭತ್ಯೆ ತಿಂಗಳ ಕೊನೆಗೆ ಮನೆ ನಡೆಸುವಷ್ಟಿರಬೇಕು, ಅವನನ್ನು ತಿಂಗಳಿಗೆ ಎಷ್ಟು ದಿನ ಕರೆಯುತ್ತೇವೆಂದು ಮೊದಲೇ ಹೇಳಬೇಕು.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಬಾಂಬೆ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ಪ್ರಾಣ ತೆತ್ತ 66 ಅಗ್ನಿಶಾಮಕರ ನೆನಪಿಗಾಗಿ. ಶಾಲೆಗಳಲ್ಲಿ ಪ್ರದರ್ಶನ, ಕರಪತ್ರ ಎಲ್ಲ ಆಗುತ್ತದೆ, ಆಗಲಿ. ಮುಂದಿನ ಸಪ್ತಾಹಕ್ಕೆ ಜಿಲ್ಲಾಡಳಿತ ಮತ್ತು ಇಲಾಖೆಗೆ ಒಂದು ಕೋರಿಕೆ. ಪಾಂಡೇಶ್ವರಕ್ಕೆ ಐವತ್ತು, ಕದ್ರಿಗೆ ಐವತ್ತು ಹೆಸರು ಬರೆಸಿಕೊಳ್ಳಿ. ಮೊದಲು ಕಸಬಾ ಬೆಂಗ್ರೆಯಿಂದ, ಬಂದರಿನ ಓಣಿಗಳಿಂದ, ಪಚ್ಚನಾಡಿಯಿಂದ, ಟ್ಯಾಂಕರ್ ಓಡುವ ಹೆದ್ದಾರಿಯ ಬದಿಯಿಂದ ಆರಿಸಿ. ಅವರಿಗೆ ವಿಮೆ ಮಾಡಿಸಿ, ಆಮೇಲೆ ಹೋಸ್ ಕೈಗೆ ಕೊಡಿ. ಓದುಗರಿಗೂ ಒಂದು ಮಾತು. ನಿಮ್ಮ ಮನೆಗೆ ಹತ್ತಿರದ ಠಾಣೆ ಯಾವುದು, ನಿಮ್ಮ ಓಣಿಗೆ ದೊಡ್ಡ ಗಾಡಿ ತಿರುಗುತ್ತದೆಯೇ, ಹತ್ತಿರದಲ್ಲಿ ನೀರಿರುವ ಬಾವಿ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಬೆಂಕಿ ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡುವ ಮೊದಲು 112ಕ್ಕೆ ಅಥವಾ 101ಕ್ಕೆ ಕರೆ ಮಾಡಿ, ಗಾಡಿ ಬರುವ ದಾರಿಯಲ್ಲಿ ನಿಂತು ಕೈ ತೋರಿಸಿ.